ನಾಲ್ಕು ಜಾಡಿ, ನಾಲ್ಕು ಬೂಚು

ಮನೆಯಲ್ಲಿ ವೈನು ಮಾಡುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ನಾನು ಹೆಂಡತಿಯ ತವರಾದ ಚಿತ್ತಾಕುಲದಲ್ಲಿ ಹನ್ನೆರಡು ಜನರ ಎದುರು ಘೋಷಿಸಿದೆ. ಕಾರಣ ಭಾವ, ಅಂದರೆ ಅವಳ ಅಣ್ಣ. ಅಂಕೋಲೆಯ ನಮ್ಮ ಮನೆಯ ನಲ್ಲಿ, ಫ್ಯಾನು, ಪಂಪು ಎಲ್ಲ ರಿಪೇರಿ ಮಾಡುವವನು ಅವನೇ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿಯುವವನು. ಒಮ್ಮೆಯಾದರೂ ನನ್ನ ಕೈಯಲ್ಲೂ ಏನೋ ಆಗುತ್ತದೆಂದು ಅವನಿಗೆ ತೋರಿಸಬೇಕಿತ್ತು!

“ಮೊದಲ ಮಳೆಗೆ ಊಟಕ್ಕೆ ಬಾ ಭಾವ. ಗೇರುಹಣ್ಣಿನ ವೈನು ಕುಡಿಸ್ತೆ,” ಅಂದೆ.

ಕಾರವಾರದ ಸಂತೆಯಿಂದ ನಾಲ್ಕು ಪುಟ್ಟ ಗಾಜಿನ ಜಾಡಿ ಆರಿಸಿ ತಂದೆ. ಮನೆಗೆ ಬಂದು ನೋಡಿದರೆ ನಾಲ್ಕರ ಬಾಯಿಯೂ ನಾಲ್ಕು ಅಳತೆ. ಒಂದಕ್ಕೂ ಬೂಚಿಲ್ಲ! ರಸ ಹುಳಿಯುವಾಗ ಒಳಗಿನ ಗಾಳಿ ಬೂಚಿಗೆ ಸಿಕ್ಕಿಸಿದ ಕೊಳವೆಯಲ್ಲಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಕೂಡದು. ಬೂಚು ಸರಿಯಾಗಿ ಕೂರದಿದ್ದರೆ ಸಿಗುವುದು ವೈನಲ್ಲ, ವಿನೆಗರ್.

“ಬಟ್ಟೆ ಕಟ್ಟಿದ್ರೆ ಸಾಲೂದಿಲ್ವಾ?” ಅಂದಳು ಹೆಂಡತಿ ಸುನಂದಾ, ಗೇರುಹಣ್ಣಿನ ಬುಟ್ಟಿ ಇಳಿಸುತ್ತ.

“ಇದು ಉಪ್ಪಿನಕಾಯಿಯಲ್ಲ ಮಾರಾಯ್ತಿ, ವಿಜ್ಞಾನ!”

ವಿಜ್ಞಾನವನ್ನು ಚೀಲದಲ್ಲಿ ಹೊತ್ತು ಅಂಗಡಿ ಅಂಗಡಿ ಅಲೆದೆ. ಔಷಧಿ ಅಂಗಡಿಯವನು, “ಯಾರಿಗೆ ಹುಷಾರಿಲ್ಲ?” ಅಂದ. “ಜಾಡಿಗೆ,” ಅಂದೆ. ಅವನ ರಬ್ಬರ್ ಬೂಚು ಒಂದು ಸಡಿಲ, ಇನ್ನೊಂದು ಬಿಗಿ, ಮೂರನೆಯದು ಸೀದಾ ಜಾಡಿಯೊಳಗೇ ಬಿತ್ತು. ಮನೆಗೆ ಬರುವಷ್ಟರಲ್ಲಿ ಬುಟ್ಟಿಯ ಹಣ್ಣು ಕೊಳೆತು ಪಕ್ಕದ ಮನೆಯ ಎಮ್ಮೆಗೆ ಹೋಗಿತ್ತು.

ಎರಡನೇ ಬುಟ್ಟಿ ಬಂತು. ನಾನು ಬೂಚಿಗೆಂದು ಸುನಂದಾಳ ಹವಾಯಿ ಚಪ್ಪಲಿ ಕತ್ತರಿಸುತ್ತಿದ್ದೆ. ಅದೂ ಕೂರಲಿಲ್ಲ. ಚಪ್ಪಲಿಯೂ ಹೋಯಿತು, ಹಣ್ಣೂ ಹೋಯಿತು. ಎಮ್ಮೆ ಮಾತ್ರ ನನ್ನನ್ನು ಕಂಡರೆ ಎದ್ದು ನಿಲ್ಲತೊಡಗಿತು!

ಊಟ ಸೇರದು, ಕೂತಲ್ಲಿ ಕೂರಲಾಗದು. ಎಲ್ಲಿ ಹೋದರೂ ಕಣ್ಣು ದುಂಡಗಿನ ವಸ್ತುಗಳ ಮೇಲೆಯೇ. ಕೊನೆಗೆ ದೇವಬಾಗದ ದಂಡೆಯಲ್ಲಿ ಕಂಡೆ: ಮೀನುಗಾರನೊಬ್ಬ ರಿಪೇರಿ ಮಾಡುತ್ತಿದ್ದ ಬಲೆಗೆ ತೇಲಲೆಂದು ಕಟ್ಟಿದ ಬೆಂಡು. ದುಂಡಗೆ, ಮೆತ್ತಗೆ, ಹಗ್ಗ ಪೋಣಿಸಲು ನಟ್ಟನಡುವೆ ತೂತು. ನನ್ನ ಕೊಳವೆಗೆ ಹೇಳಿ ಮಾಡಿಸಿದ ತೂತು!

“ಹಳೇದು ಬೇಕಾದ್ರೆ ತಕಂಡೋಗಿ. ಬಲೆ ಹಾಕ್ತ್ರಾ?” ಅಂದ.

“ಇಲ್ಲ, ವೈನು.”

ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಪಾಪ ಅನ್ನಿಸಿರಬೇಕು, ಎರಡು ಹೆಚ್ಚಿಗೆ ಕೊಟ್ಟ.

ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಬ್ಲೇಡಿನಲ್ಲಿ ಕೆತ್ತಿದೆ, ಕೊಳವೆ ಸಿಕ್ಕಿಸಿದೆ. ಎರಡು ವಾರದ ತಪಸ್ಸು. ನಾಲ್ಕೂ ಜಾಡಿಗೆ ನೀರು ತುಂಬಿ, ಬೂಚು ಒತ್ತಿ, ಕೊಳವೆಯ ಬಾಯಿಗೆ ಬೆರಳಿಟ್ಟು ತಲೆಕೆಳಗೆ ಮಾಡಿದೆ. ಆಹಾ! ಒಂದು ಹನಿ ಸೋರಲಿಲ್ಲ.

“ಸುನಂದಾ, ಬುಟ್ಟಿ ತಾ!”

“ಎಂತಾ ಬುಟ್ಟಿ? ನೀವು ಬೆಂಡು ಕೆತ್ತೂಕೆ ಕೂತಾಗ್ಲೇ ಗೇರುಹಣ್ಣಿನ ಕಾಲ ಮುಗ್ದೋಯ್ತಲ್ರೀ!”

ಹೊರಗೆ ಗುಡುಗಿತು. ಮೊದಲ ಮಳೆ ಧೋ ಎಂದು ಸುರಿಯಿತು. ಹಿಂದೆಯೇ ಕೊಡೆ ಜಾಡಿಸುತ್ತ ಭಾವ ಬಂದ, ಸಾಲಾಗಿ ನಿಂತ ಜಾಡಿಗಳನ್ನು ಕಂಡು ಕೈ ಉಜ್ಜಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದ.

“ಭಾವ, ಇದು ನೀರು,” ಅಂದ. ಮತ್ತೆ ಮೂಸಿ ನೋಡಿದ. “ಅದೂ ಬಂಗಡೆ ಮೀನು ತೊಳೆದದ್ದು.”

“ಹೌದು,” ಅಂದೆ. “ಆದ್ರೆ ಬೂಚು ನೋಡು!”

ಅವನು ಬೂಚು ಎಳೆದ, ತಿರುಗಿಸಿದ, ಮತ್ತೆ ಒತ್ತಿದ. “ಚಲೋ ಕೂತದೆ,” ಅಂದ.

ಭಾವನ ಬಾಯಲ್ಲಿ ನನ್ನ ಕೈಕೆಲಸದ ಹೊಗಳಿಕೆ! ಕಣ್ಣು ತುಂಬಿ ಬಂತು. ಆ ಖುಷಿಗೆ ಇಬ್ಬರಿಗೂ ಒಂದೊಂದು ಲೋಟ ನೀರು ಬಗ್ಗಿಸಿದೆ.