ಕುರಿ ಹಾಜರು, ಕುರಿಗಾಹಿ ಪರಾರಿ

ಇಟ್ಟ ಇಟ್ಟಿಗೆ ಇಟ್ಟಲ್ಲಿ ಇರಲಿಲ್ಲ. ರಗಳೆ ಶುರುವಾದದ್ದೇ ಅಲ್ಲಿಂದ.

ಇಟ್ಟಿಗೆ ಎಂದರೆ ಮನೆ ಕಟ್ಟುವ ಇಟ್ಟಿಗೆಯಲ್ಲ. ಒಂದರ ಮೇಲೊಂದು ಕಚಕ್ಕೆಂದು ಕೂರುವ ಪ್ಲಾಸ್ಟಿಕ್ಕಿನ ಆಟದ ಇಟ್ಟಿಗೆ. ಬೀದರಿನ ಚಿದ್ರಿಯ ಸಂಜುಕುಮಾರ ಅಲ್ಲೇ ಹತ್ತಿರದ ಕೊಳಾರದ ಗೋದಾಮೊಂದರಲ್ಲಿ ಸೂಪರ್‌ವೈಸರ್. ಭಾಲ್ಕಿಯಲ್ಲಿರುವ ತಂಗಿಯ ಮಗನ ಹುಟ್ಟುಹಬ್ಬಕ್ಕೆಂದು ಇಂಥ ಇಟ್ಟಿಗೆಗಳ ದೊಡ್ಡ ಡಬ್ಬಿ ತಂದಿದ್ದ. 'ಒಂದ್ಸಲ ತೆಗೆದು ನೋಡ್ತೇನಿ' ಎಂದು ತೆಗೆದ. ಡಬ್ಬಿ ಭಾಲ್ಕಿಯ ದಾರಿಯನ್ನೇ ಕಾಣಲಿಲ್ಲ. ಈಗ ನಡುಮನೆಯ ಮೇಜಿನ ಮೇಲೆ ಒಂದು ಕೋಟೆ, ಒಂದು ಗುಡ್ಡ, ಗುಡ್ಡದ ತುದಿಗೆ ಬಿಳಿ ಕುರಿ, ತಳದಲ್ಲಿ ಮೀಸೆ ಹೊತ್ತ ಕುರಿಗಾಹಿ. ಕುರಿಯನ್ನು ಎಳ್ಳಷ್ಟು ಸರಿಸುವುದು, ಮೊಬೈಲಿನಲ್ಲಿ ಒಂದು ಫೋಟೊ ಹೊಡೆಯುವುದು. ಮತ್ತೆ ಎಳ್ಳಷ್ಟು, ಮತ್ತೊಂದು ಫೋಟೊ. ಎಲ್ಲವನ್ನೂ ಸರಸರನೆ ಓಡಿಸಿದರೆ ಕುರಿ ತಾನೇ ನಡೆದಂತೆ ಕಾಣುತ್ತದೆ. ಆ ಕುರಿ ಅಂಗೈಯಗಲದ ಗುಡ್ಡ ಹತ್ತುವಷ್ಟರಲ್ಲಿ ಬೀದರಿನಲ್ಲಿ ಬೇಸಿಗೆ ಮುಗಿದು ಮಳೆ ಬಿದ್ದಿತ್ತು.

ಜಿಲ್ಲೆಯ ಕಿರುಚಿತ್ರ ಸ್ಪರ್ಧೆಗೆ ಚಿತ್ರ ಕಳಿಸಲು ಈ ಭಾನುವಾರ ಸಂಜೆ ಆರೇ ಕೊನೆ. ಗೆದ್ದರೆ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಗೋದಾಮಿನ ಹಮಾಲರಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಸಂಜುಕುಮಾರ ಆಗಲೇ ಆಮಂತ್ರಣ ಕೊಟ್ಟು ಕೂತಿದ್ದ. ಉಳಿದದ್ದು ಒಂದೇ ದೃಶ್ಯ: ಕಳೆದುಹೋದ ಕುರಿಯನ್ನು ಕುರಿಗಾಹಿ ಕಂಡು ತಬ್ಬಿಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಕುರಿ ಇದೆ, ಕುರಿಗಾಹಿಯೇ ಕಳೆದುಹೋಗಿದ್ದಾನೆ.

"ಸಿದ್ದೇಶ್ವರಿ, ನನ್ನ ಕುರಿ ಕಾಯಾಂವ ಎಲ್ಲಿ?"

"ನನಗೇನ್ ಗೊತ್ತ್ರಿ," ಎಂದಳು ಹೆಂಡತಿ ಅಡುಗೆಮನೆಯಿಂದ. "ಕುರಿನೇ ಕೇಳ್ರಿ. ದಿನಾ ಅದರ ಜೋಡಿನೇ ಮಾತಾಡ್ತೀರಲ್ಲ."

ಇದು ಮೊದಲ ಸಲವೇನಲ್ಲ. ಕೆಲ ವಾರಗಳಿಂದ ಗೋದಾಮಿನಿಂದ ಬಂದು ನೋಡಿದರೆ ಕೋಟೆಯ ಕಿಟಕಿ ಇದ್ದಲ್ಲಿ ಬಾಗಿಲು, ಮರ ಇದ್ದಲ್ಲಿ ಬಯಲು. ತನ್ನದೇ ಮರೆವು ಎಂದುಕೊಂಡು ಸುಮ್ಮನಿದ್ದ. ಆದರೆ ಒಬ್ಬ ಮನುಷ್ಯನನ್ನೇ ಮರೆಯುವುದು ಹೇಗೆ?

ಔರಾದ ತಾಲೂಕಿನ ಎಕಂಬಾದಿಂದ ಕಣ್ಣು ತೋರಿಸಲು ಬಂದು ಇಲ್ಲೇ ಉಳಿದಿದ್ದ ಅತ್ತೆ ಗಂಗುಬಾಯಿ ಕುಂತಲ್ಲಿಂದಲೇ ತೀರ್ಪು ಕೊಟ್ಟಳು. "ಅಳಿಯಂದ್ರ, ಇದು ಭಾನಾಮತಿ ನೋಡ್ರಿ. ಯಾರೋ ಮಾಟ ಮಾಡ್ಸ್ಯಾರ. ನಮ್ಮ ಊರಾಗ ಹಿಂದ ಹಿಂಗೇ ಆಗ್ತಿತ್ತು. ಇಟ್ಟ ನೀರಿನ ಚರಿಗಿ ತಾನೇ ಸರೀತಿತ್ತು."

"ಚರಿಗಿ ತಾನೇ ಹ್ಯಾಂಗ ಸರೀತದ್ರಿ ಅತ್ತಿ?"

"ನಿಮ್ಮ ಕುರಿ ಹ್ಯಾಂಗ ಸರೀತದ?"

ಜಗತ್ತಿಗೆ ಭಾನಾಮತಿ ತೋರಿಸಲು ಹೊರಟಿದ್ದ ಸಂಜುಕುಮಾರ ಅದು ತನ್ನ ಮನೆಗೇ ಹೊಕ್ಕಿತೇನೋ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದ.

ಓಣಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಪಕ್ಕದ ಮನೆಯ ಅಬ್ದುಲ ಗಫೂರ ಚಾಚಾ ಕೊರಳಿಗೆ ಟೇಪು ಹಾಕಿಕೊಂಡೇ ಸಮಾಚಾರ ಅಳೆದ. "ಬೆಕ್ಕು ಬಾಗಿಲದಾಗ ಕುಂತ್ರ ಇಲಿ ಹೊರಗ ಬರ್ತದೇನ್ ಸಂಜು ಭಾಯಿ? ನೀವು ಊರಿಗಿ ಹೋದಂಗ ಮಾಡ್ರಿ. ಫೋನ್ ಮನ್ಯಾಗೇ ಮುಚ್ಚಿಡ್ರಿ, ತನ್ನಷ್ಟಕ್ಕೆ ಫೋಟೊ ಹೊಡೀತಿರ್ಲಿ. ಕಳ್ಳ ಸಿಗ್ತಾನ."

ಬೆಂಕಿಯಂಥ ಉಪಾಯ. ಸಂಜುಕುಮಾರ ಹಪ್ಪಳದ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಹಪ್ಪಳಗಳನ್ನು ಹಾಸಿಗೆಯ ಕೆಳಗೆ ತಳ್ಳಿ, ಫೋನನ್ನು ಡಬ್ಬಿಯೊಳಗಿಟ್ಟು ಕಪಾಟಿನ ಮೇಲೇರಿಸಿದ. ಆಮೇಲೆ ಇಡೀ ಚಿದ್ರಿಗೆ ಕೇಳುವಂತೆ, "ಭಾಲ್ಕಿಗಿ ಹೋಗಿ ಬರ್ತೇನಿ, ತಂಗಿ ಕರ್ದಾಳ," ಎಂದು ಕೂಗಿ ಹೊರಟ. ಭಾಲ್ಕಿಗೆ ಹೊರಟವನು ತಲುಪಿದ್ದು ಓಣಿ ತಿರುವಿನ ಚಹಾದ ಹೋಟೆಲು. ಅಲ್ಲಿ ಮೂಲೆಯ ಬೆಂಚು ಹಿಡಿದು ಮುಖದ ಮುಂದೆ ಪೇಪರು ಅಗಲಿಸಿದ.

ಕೈಯಲ್ಲಿ ಫೋನಿಲ್ಲದ ಮನುಷ್ಯನಿಗೆ ಹೊತ್ತು ಹೋಗುವುದು ಇಟ್ಟಿಗೆ ಕುರಿ ಗುಡ್ಡ ಹತ್ತಿದಂತೆಯೇ. ಯಾರಿರಬಹುದು? ಅತ್ತೆಗೆ ಕಣ್ಣು ಕಾಣುವುದಿಲ್ಲ. ಹೆಂಡತಿಗೆ ಆ ಮೇಜು ಕಂಡರಾಗುವುದಿಲ್ಲ. ಗಫೂರ ಚಾಚಾನ ಹೆಂಡತಿ ಹಾಜಿರಾಬೀ ದಿನಾ ಮಧ್ಯಾಹ್ನ ಬರುತ್ತಾಳೆ, ಆದರೆ ಅವಳಿಗೆ ಕುರಿ ಎಂದರೆ ಬಿರಿಯಾನಿ ಮಾತ್ರ. ಹಾಗಾದರೆ ಭಾನಾಮತಿಯೇ? ಪೇಪರು ತಲೆಕೆಳಗಾಗಿ ಹಿಡಿದಿದ್ದು ಅವನಿಗೆ ಗೊತ್ತಾಗಲೇ ಇಲ್ಲ.

ಮಧ್ಯಾಹ್ನ ಚಾಚಾ ಅವನನ್ನು ಹುಡುಕಿಕೊಂಡು ಬಂದ. ಪೇಪರಿನ ಹಿಂದೆ ಯಾರಿದ್ದಾರೆಂದು ತಿಳಿಯದೆ ಅದೇ ಬೆಂಚಿಗೆ ಕೂತು ಫೋನು ಕಿವಿಗಿಟ್ಟ.

ಸಂಜುಕುಮಾರ ಪೇಪರು ಇಳಿಸಿದ. "ಯಾರಿಗಿ ಫೋನ್ ಹಚ್ಚೀರಿ ಚಾಚಾ?"

"ನಿಮಗೇ ಭಾಯಿ. ಎಲ್ಲಿದ್ದೀರಿ ಅಂತ ಕೇಳ್ಬೇಕಂತ..."

ಅಷ್ಟರಲ್ಲಿ ಆ ಕಡೆಯಿಂದ ಸಿದ್ದೇಶ್ವರಿಯ ದನಿ ಕೇಳಿತು. "ಏನ್ರಿ ಚಾಚಾ? ಅವರು ಭಾಲ್ಕಿಗಿ ಹೋಗ್ಯಾರ."

ಹುಟ್ಟಿದಾಗಿನಿಂದ ಸುಳ್ಳು ಹೇಳದ ಚಾಚಾ ಕಕ್ಕಾಬಿಕ್ಕಿಯಾದ. "ಹೌದ್ ಬೇಟಿ, ಭಾಲ್ಕಿಗೇ ಹೋಗ್ಯಾರ. ಇಲ್ಲೇ ಹೋಟೆಲ್ದಾಗ, ನನ್ನ ಬಾಜೂಕ್ಕೇ ಕುಂತಾರ. ಪೇಪರ್ ಓದ್ಲಾಕತ್ತಾರ."

ಸಂಜುಕುಮಾರ ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದ. ಬಾಗಿಲು ಹಾಕಿತ್ತು. ಹೊಸ್ತಿಲ ಮೇಲೆ ಹಾಜಿರಾಬೀ ಕಾವಲಿದ್ದಳು.

"ಠೈರೋ ಭಾಯಿ, ನಿಂದರ್ರಿ. ಗಂಡಸರು ಒಳಗ ಹೋಗಂಗಿಲ್ಲ. ನಿಮ್ಮ ಅತ್ತಿಯವರು ಭಾನಾಮತಿ ತೆಗೀಲಾಕತ್ತಾರ. ನಡುವ ಯಾರರೆ ಹೊಕ್ಕರ ಅದು ಹೊಕ್ಕಂವನ ಮೈಮ್ಯಾಲೇ ಬರ್ತದಂತ."

"ನೀವೂ ಇದನ್ನ ನಂಬ್ತೀರೇನ್ರಿ?"

"ನಾ ಎಲ್ಲಿ ನಂಬ್ತೇನಿ. ಕಾಯಾಕ ನಿಂತೀನಿ. ಕಾಯಾಕ ನಂಬಿಕಿ ಯಾಕ ಬೇಕ್ರಿ?"

ಒಳಗಿನಿಂದ ಲೋಬಾನ ಧೂಪದ ಹೊಗೆ ಬರುತ್ತಿತ್ತು. ಅದರ ಜೊತೆಗೊಂದು ಸಪ್ಪಳ. ಕ್ಲಿಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಕ್ಲಿಕ್.

"ಅದೇನ್ ಸಪ್ಪಳ್ರಿ?"

"ನಿಂಬಿಕಾಯಿ ಕೊಯ್ಲಾಕತ್ತಾರ."

"ಇಷ್ಟೊಂದು ನಿಂಬಿಕಾಯಿ?"

"ಭಾನಾಮತಿ ದೊಡ್ಡದದ ಭಾಯಿ."

ಸಂಜುಕುಮಾರ ಕಿಟಕಿಗೆ ಹೋದ, ಪರದೆ ಎಳೆದಿತ್ತು. ಹಿತ್ತಲ ಬಾಗಿಲಿಗೆ ಹೋದ, ಒಳಗಿನಿಂದ ಚಿಲಕ. ಹಿಂದೆಯೇ ಬಂದ ಚಾಚಾ ಟೇಪು ಬಿಚ್ಚಿ ವೆಂಟಿಲೇಟರು ಅಳೆದು, "ನಿಮ್ಮ ಹೊಟ್ಟಿ ಹಿಡ್ಯಂಗಿಲ್ಲ," ಎಂದ. ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು, ಅದೂ ಎಳ್ಳೆಳ್ಳಷ್ಟೇ. ಅವನ ಆರು ಗಂಟೆ ಮಾತ್ರ ಓಡೋಡಿ ಬರುತ್ತಿತ್ತು.

ಇನ್ನೇನು ಆರಾಗುತ್ತದೆ ಎನ್ನುವಾಗ ಬಾಗಿಲು ತೆರೆಯಿತು. ಸಿದ್ದೇಶ್ವರಿಯ ಕೈಯಲ್ಲಿ ಅವನದೇ ಫೋನು.

"ಹೋತ್ರಿ. ಈಗಷ್ಟೇ ಕಳ್ಸಿದ್ವಿ."

"ಏನ್ ಹೋತು? ಭಾನಾಮತಿ?"

"ಚಿತ್ರ ರೀ. ಸ್ಪರ್ಧಾಕ್ಕ."

"ನನ್ನ ಚಿತ್ರ?"

"ನಮ್ಮದು. ಅವ್ವ, ಹಾಜಿರಾಬೀ, ನಾ ಕೂಡಿ ಮಾಡಿದ್ದು. ದಿನಾ ನೀವು ಗೋದಾಮಿಗಿ ಹೋದ ಮ್ಯಾಲ ನಮ್ಮ ಕೆಲಸ ಶುರು ಆಗ್ತಿತ್ತು. ನನ್ನ ಫೋನಿನ್ಯಾಗ ಫೋಟೊ ಮಬ್ಬು ಬರ್ತಿದ್ವು. ಕಡೀ ಸೀನಿಗಿ ಏನ್ ಮಾಡೋದಂತ ಕುಂತಿದ್ವಿ, ಹಪ್ಪಳದ ಡಬ್ಬ್ಯಾಗಿಂದ ನಿಮ್ಮ ಫೋನೇ ಒದರ್ತು."

ಅವಳು ಚಿತ್ರ ಹಚ್ಚಿ ತೋರಿಸಿದಳು. ಕೋಟೆ ಈಗ ಮನೆಯಾಗಿತ್ತು. ಹೆಂಡತಿ ಗೊಂಬೆ ಕಸ ಗುಡಿಸುತ್ತದೆ, ನೀರು ತುಂಬುತ್ತದೆ, ಅತ್ತೆ ಗೊಂಬೆ ರೊಟ್ಟಿ ಬಡಿಯುತ್ತದೆ. ಕಾಗೆ ಕೂಡ ಹಾರುತ್ತದೆ. ನಟ್ಟನಡುವೆ ಮೀಸೆಯವನೊಬ್ಬ ಕುರಿಯನ್ನು ನೋಡುತ್ತ ಕೂತಿದ್ದಾನೆ. ಚಲನಚಿತ್ರದಲ್ಲಿ ಚಲಿಸದವನು ಅವನೊಬ್ಬನೇ. ಚೌಕಳಿ ಅಂಗಿ, ಮುಂದೆ ಬಂದ ಹೊಟ್ಟೆ. ಸಂಜುಕುಮಾರ ಮೆಲ್ಲಗೆ ತನ್ನ ಅಂಗಿ ನೋಡಿಕೊಂಡ. ಕೊನೆಗೆ ಮೀಸೆಯವನು ಎದ್ದು ಊರಿಗೆ ಹೊರಟು, ತಿರುವಿನ ಹೋಟೆಲಿನಲ್ಲಿ ಕೂತು ಪೇಪರಿನ ಹಿಂದೆ ಅಡಗುತ್ತಾನೆ. ಪೇಪರು ತಲೆಕೆಳಗಾಗಿತ್ತು.

"ತಲೆಕೆಳಗ ಇತ್ತಂತ ನಿಮಗ ಹ್ಯಾಂಗ ಗೊತ್ತಾತು?"

"ಇಪ್ಪತ್ತು ವರ್ಷದಿಂದ ನೋಡ್ಲಾಕತ್ತೀನ್ರಿ."

ಸಿಟ್ಟು ಬರಬೇಕಿತ್ತು. ಅದಕ್ಕೂ ಮೊದಲು ಕುತೂಹಲ ಬಂತು. "ಅಷ್ಟ ಸಣ್ಣ ಪೇಪರ್ ಕೈಯಾಗ ಹ್ಯಾಂಗ ನಿಂದರ್ಸಿದ್ರಿ?"

"ಅಂಟು ಹಚ್ಚಿ. ನಿಮ್ಮನ್ನ ಅಲುಗಾಡ್ಸೋದೇ ಭಾಳ ಕಷ್ಟ ಆತು. ಒಂದ್ ಹೆಜ್ಜಿ ಎತ್ತಿಸ್ಬೇಕಂದ್ರ ಹತ್ತು ಸಲ ಕೈ ಹಚ್ಬೇಕು."

ಆರಕ್ಕೆ ಇನ್ನೂ ಒಂದೆರಡು ನಿಮಿಷವಿತ್ತು. ಸಂಜುಕುಮಾರ ಫೋನು ಕಸಿದುಕೊಂಡು ತನ್ನ ಕುರಿಗಳನ್ನು ಹುಡುಕಿದ. ಇದ್ದದ್ದು ಒಂದೇ ಫೋಟೊ. ಗುಡ್ಡದ ಬುಡದಲ್ಲಿ ಕುರಿ.

"ಜಾಗಾ ಇಲ್ಲಂತ ಫೋನ್ ಹಟ ಹಿಡೀತು, ಹಾಜಿರಾಬೀ ಬಾಗಿಲಾ ಕಾಯಾಕ ಹೋಗೋ ಮೊದ್ಲೇ ಆಕಿಗಿ ಹೇಳಿ ನಾನೇ ತೆಗೆಸ್ದೆ," ಎಂದಳು ಗಂಗುಬಾಯಿ ಸಮಾಧಾನದಿಂದ. "ಸಾವಿರ ಫೋಟೊ, ಎಲ್ಲಾ ಒಂದೇ ಕುರಿ. ಮೇಯಂಗಿಲ್ಲ, ಈಯಂಗಿಲ್ಲ, ಬ್ಯಾಸಗಿಯಿಂದ ನಿಂತಲ್ಲೇ ನಿಂತದ. ಅಂಥಾದ್ದು ಹಿಂಡಿನ್ಯಾಗ ಇಡಬಾರ್ದು ಅಳಿಯಂದ್ರ. ಬೀಜಕ್ಕಂತ ಒಂದ್ ಬಿಟ್ಟೀನಿ."

"ನಿಮಗ ಕಣ್ಣು ಕಾಣ್ಸಂಗಿಲ್ಲಲ್ರಿ ಅತ್ತಿ?"

"ಕುರಿ ಕಾಣ್ಸ್ತಾವ."

ಸಿದ್ದೇಶ್ವರಿ ಸೆರಗಿನ ಗಂಟು ಬಿಚ್ಚಿ ಗೊಂಬೆಯನ್ನು ಅವನ ಅಂಗೈಗಿಟ್ಟಳು. "ತಗೋರಿ ನಿಮ್ಮ ಕುರಿ ಕಾಯಾಂವ. ನಮ್ಮ ಕೆಲಸ ಮುಗೀತು."

ಸಂಜುಕುಮಾರ ಉಗುರಿನಿಂದ ಕೆರೆದ. ಹಲ್ಲಿನಿಂದ ಎಳೆದ. ಅಂಟು ಗಟ್ಟಿಯಿತ್ತು, ಪೇಪರು ಬಿಡಲಿಲ್ಲ. ಹೊರಗೆ ಗಫೂರ ಚಾಚಾ, "ಕಳ್ಳ ಸಿಕ್ಕನೇನ್ ಭಾಯಿ?" ಎಂದು ಕೂಗುತ್ತಿದ್ದ. ಆರು ಹೊಡೆಯಿತು. ಅವನು ಗೊಂಬೆಯನ್ನು ಒಯ್ದು ಗುಡ್ಡದ ಮೇಲಿನ ಕುರಿಯ ಮುಂದೆ ನಿಲ್ಲಿಸಿದ. ಕುರಿ ಕುರಿಗಾಹಿಯನ್ನೇ ನೋಡುತ್ತಿತ್ತು. ಕುರಿಗಾಹಿ ಪೇಪರು ಓದುತ್ತಿದ್ದ.