ಮೂರನೇ ತೂಕ

ಮೂರು ದಿನದ ರಜೆ ಅರ್ಜಿಗೆ ಎರಡು ರುಜು ಬೇಕಿತ್ತು, ಅಷ್ಟೇ. ಆ ಎರಡು ರುಜುಗಳ ನಡುವೆ ಸಿಕ್ಕಿ ಮುದ್ರೆ ಮಾಮ ಅಪ್ಪಚ್ಚಿಯಾಗುತ್ತಾನೆಂದು ಬೆಳಿಗ್ಗೆ ಹತ್ತು ಗಂಟೆಗೆ ಯಾರಿಗೂ ಗೊತ್ತಿರಲಿಲ್ಲ.

ಅದು ತಕ್ಕಡಿ ತಪಾಸಣೆಯ ಕಚೇರಿ. ಅಂಗಡಿಯವರು ತಂದ ತಕ್ಕಡಿ ಸರಿಯಿದ್ದರೆ ಅದಕ್ಕೆ ಮುದ್ರೆ ಒತ್ತುವುದು ಮಾಮನ ಕೆಲಸ. ಅಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಇಬ್ಬರು ತೂಗಿ ಎರಡು ಲೆಕ್ಕ ಬಂದರೆ, ಆ ಎರಡನ್ನೂ ನೋಡದ ಮೂರನೆಯವನೊಬ್ಬ ತೂಗಬೇಕು. ಅವನು ಹೇಳಿದ್ದೇ ಕೊನೆಯ ಮಾತು.

ಮಾರನೆಯ ದಿನ ಮಾಮ ಹೆಂಡತಿಯ ಜೊತೆ ಅವಳ ಅಕ್ಕನ ಊರಿಗೆ ಹೊರಡಬೇಕಿತ್ತು. ಈ ಪ್ರಯಾಣ ಆಗಲೇ ಎರಡು ಸಲ ತಪ್ಪಿತ್ತು.

"ಈ ಸಲವೂ ರಜೆ ಸಿಗ್ಲಿಲ್ಲ ಅಂದ್ರೆ ನಾನೊಬ್ಳೇ ಹೋಗ್ತೀನಿ. ವಾಪಸ್ ಬರೋದು ಯಾವಾಗ ಅಂತ ಮಾತ್ರ ಕೇಳ್ಬೇಡಿ" ಎಂದು ಹೆಂಡತಿ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದ್ದಳು. ಪಾಪ, ಮಾಮನಿಗೆ ಅವಳಿಲ್ಲದ ಮನೆಯಲ್ಲಿ ತನ್ನ ಕಾಲುಚೀಲವೂ ಸಿಗುತ್ತಿರಲಿಲ್ಲ.

ಮೊದಲ ರುಜು ಮೇಲ್ವಿಚಾರಕಿ ಮೇಡಂ ಅವರದು, ಎರಡನೆಯದು ಕಚೇರಿಯ ದೊಡ್ಡ ಸಾಹೇಬರದು. ಮೇಡಂ ಪೆನ್ನಿನ ಮುಚ್ಚಳ ತೆಗೆದವರು ತಟ್ಟನೆ ನಿಲ್ಲಿಸಿದರು.

"ಅಂದ ಹಾಗೆ, 'ಕಪ್ಪು ಕೊಡೆ'ಯಲ್ಲಿ ನಿಮ್ಮ ಪ್ರಕಾರ ಯಾರು?"

'ಕಪ್ಪು ಕೊಡೆ' ಎಂದರೆ ಕೊಡೆ ಹಿಡಿದ ಗೂಢಚಾರನೊಬ್ಬನ ಸಿನಿಮಾ ಸರಣಿ. ಒಟ್ಟು ಹನ್ನೊಂದು ಸಿನಿಮಾ. ಮೊದಲ ಐದರಲ್ಲಿ ಮೀಸೆಯವನು ನಾಯಕ, ಕೊನೆಯ ಐದರಲ್ಲಿ ಗುಳಿಕೆನ್ನೆಯವನು, ನಡುವೆ ಒಂದೇ ಒಂದರಲ್ಲಿ ಬೊಕ್ಕತಲೆಯವನು. ಹನ್ನೊಂದನೆಯದು ಬಂದ ವಾರದಿಂದ ಮೇಡಂಗೂ ಸಾಹೇಬರಿಗೂ ಫೈಲಿನ ಮೂಲಕವೇ ಮಾತುಕತೆ. ಮಾಮನ ಹೆಂಡತಿಗೂ ಆ ಸರಣಿಯೆಂದರೆ ಪ್ರಾಣ. ಅವಳ ಜೊತೆ ಹೋದಾಗಲೆಲ್ಲ ಮಾಮ ದೀಪ ಆರಿದ ತಕ್ಷಣ ಗೊರಕೆ ಹೊಡೆಯುತ್ತಿದ್ದ. ಗುಂಡಿನ ಸದ್ದಿಗೆ ಎಚ್ಚರಾದರೆ "ಮುಗೀತಾ?" ಎಂದು ಕೇಳಿ ಮತ್ತೆ ಮಲಗುತ್ತಿದ್ದ.

ಮೇಜಿನ ಗಾಜಿನ ಕೆಳಗೆ ಮೀಸೆಯವನ ಚಿತ್ರವಿತ್ತು. ಮಾಮ ಅದನ್ನು ನೋಡಿ, "ಮೀಸೆಯವನೇ ಮೇಡಂ, ಎರಡು ಮಾತಿಲ್ಲ" ಎಂದ.

"ಯಾವ ಸೀನು?"

ಇಂಥ ಸಿನಿಮಾ ಎಂದಮೇಲೆ ರೈಲು ಇದ್ದೇ ಇರುತ್ತದೆ. "ಆ ರೈಲಿನ ಮೇಲಿನ ಹೊಡೆದಾಟ!"

"ಅದು ಗುಳಿಕೆನ್ನೆಯವನದ್ದಲ್ವಾ?" ಮೇಡಂ ಹುಬ್ಬು ಗಂಟಿಕ್ಕಿತು.

"ಹೌದು ಮೇಡಂ. ಅಲ್ಲಿ ಮೀಸೆಯವನು ಇದ್ದಿದ್ರೆ ಹೇಗಿರ್ತಿತ್ತು ಅಂತ ಹೊಟ್ಟೆ ಉರೀತದೆ."

ಮೇಡಂ ಕಣ್ಣು ತೇವವಾಯಿತು. ರುಜು ಬಿತ್ತು.

ಹೊರಗೆ ಟೈಪಿಸ್ಟ್ ತಡೆದಳು. "ಮಾಮ, ಸಾಹೇಬರ ಹತ್ರ ಮೀಸೆ ಅಂದೀರಾ ಜೋಕೆ! ಅಲ್ಲಿ ಗುಳಿಕೆನ್ನೆ."

ಮೀಸೆ ಇಲ್ಲಿ, ಗುಳಿ ಅಲ್ಲಿ. ಗುಳಿ ಇಲ್ಲಿ, ಮೀಸೆ ಅಲ್ಲಿ. ಹೀಗೆ ಜಪಿಸುತ್ತ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮಾಮನ ತಲೆ ಕಲಸಿದ ಹಿಟ್ಟಾಗಿತ್ತು. ಆದರೂ ಸಾಹೇಬರು ಅದೇ ಪ್ರಶ್ನೆ ಕೇಳಿದಾಗ ದೇವರ ದಯೆಯಿಂದ ಸರಿಯಾದ ಉತ್ತರವೇ ಬಾಯಿಗೆ ಬಂತು.

"ಗುಳಿಕೆನ್ನೆಯವನು ಸರ್! ಮೀಸೆಯವನೂ ಒಬ್ಬ ನಟನೇ?"

"ಏನಂದ್ರಿ?" ಬಾಗಿಲಲ್ಲಿ ಮೇಡಂ! ಕೈಯಲ್ಲಿ ಫೈಲು, ಮುಖದಲ್ಲಿ ಬೆಂಕಿ.

"ಸರಿಯಾಗೇ ಅಂದ್ರು" ಎಂದರು ಸಾಹೇಬರು.

"ನನ್ನ ಹತ್ರ ಬೇರೆ ಅಂದ್ರು! ಯಾವುದ್ರೀ ನಿಜ?"

ಇಬ್ಬರೂ ಮಾಮನತ್ತ ತಿರುಗಿದರು. ಅತ್ತ ದರಿ, ಇತ್ತ ಪುಲಿ. ಮಾಮ ಕಣ್ಣು ಮುಚ್ಚಿ ನಡುವೆ ಹಾರಿದ. "ಬೊಕ್ಕತಲೆಯವನು!"

"ಆ ಬೊಕ್ಕತಲೆಯವನಾ?" ಇಬ್ಬರೂ ಒಟ್ಟಿಗೇ ಚೀರಿದರು. ವಾರದಲ್ಲಿ ಮೊದಲ ಸಲ ಅವರು ಒಂದು ಮಾತನ್ನು ಒಪ್ಪಿದ್ದರು. "ಅವನಿಗೆ ಕೊಡೆ ಬಿಚ್ಚೋಕೂ ಬರ್ತಿರ್ಲಿಲ್ಲವಲ್ರೀ!"

ಮಾಮನಿಗೆ ಅಳುವೇ ಬಂತು. "ತಪ್ಪಾಯ್ತು. ನಾನು ಒಂದನ್ನೂ ಕಣ್ಣು ಬಿಟ್ಟು ನೋಡಿಲ್ಲ. ಮೂವರಲ್ಲಿ ಯಾರು ಯಾರು ಅಂತಲೂ ಗೊತ್ತಿಲ್ಲ. ನನಗೆ ರಜೆ ಬೇಕು, ಅಷ್ಟೇ."

ಸಾಹೇಬರು ಮೇಡಂ ಮುಖ ನೋಡಿದರು, ಮೇಡಂ ಸಾಹೇಬರ ಮುಖ ನೋಡಿದರು.

"ಎರಡನ್ನೂ ನೋಡದವರು" ಎಂದರು ಮೇಡಂ ಮೆಲ್ಲಗೆ.

"ಮೂರನೇ ತೂಕ!" ಸಾಹೇಬರು ಮೇಜು ಗುದ್ದಿದರು. ರಜೆ ಅರ್ಜಿಗೆ ಸರಕ್ಕನೆ ರುಜು ಹಾಕಿದರು. "ಮೂರು ದಿನ ರಜೆ ಕೊಟ್ಟಿದೆ. ನಾಳೆಯಿಂದ ನನ್ನ ಮನೇಲಿ ಕೂತು ಹನ್ನೊಂದೂ ನೋಡ್ತೀರಿ. ಪಕ್ಕದಲ್ಲಿ ನಾವಿಬ್ರೂ ಇರ್ತೀವಿ, ನಿದ್ದೆ ಮಾಡೋ ಹಾಗಿಲ್ಲ. ಕೊನೇಲಿ ನೀವು ಹೇಳಿದ್ದೇ ತೀರ್ಪು."

ಮಾಮ ಮನೆಗೆ ಫೋನ್ ಮಾಡಿ ಎಲ್ಲವನ್ನೂ ಒದರಿದ.

"ಹನ್ನೊಂದೂನಾ?" ಎಂದಳು ಹೆಂಡತಿ. "ನಾನೂ ಬರ್ತೀನಿ ಕಣ್ರೀ! ಅಕ್ಕನ್ನೂ ಇಲ್ಲಿಗೇ ಕರೆಸ್ತೀನಿ."

ಮಾಮನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ತೀರ್ಪು ಬೊಕ್ಕತಲೆಯವನಿಗೇ ಹೋಗ್ಬೇಕು. ಇಲ್ದಿದ್ರೆ ಅಕ್ಕನ ಜೊತೆ ನಾನೂ ಹೊರಟೆ. ವಾಪಸ್ ಬರೋದು ಯಾವಾಗ ಅಂತ ಮಾತ್ರ ಕೇಳ್ಬೇಡಿ."

ಮಾಮ ಫೋನ್ ಇಟ್ಟು ಟೈಪಿಸ್ಟ್ ಮೇಜಿನ ಬಳಿಗೆ ಬಂದ.

"ತಾಯಿ, ಆ ಮೂವರಲ್ಲಿ ಬೊಕ್ಕತಲೆಯವನು ಯಾರು? ಸ್ವಲ್ಪ ಗುರುತು ಹೇಳಮ್ಮ."