ಹದಿನೆಂಟನೆಯ ಗಾಡಿ

ಹಳೇ ಗಾಡಿ ನೋಡುವುದರಲ್ಲಿ ಮರ್ವಿನ್‌ನನ್ನು ಮೀರಿಸಿದವರು ಪೋರ್ಟ್ ಅಗಸ್ಟಾದಲ್ಲಿ ಇರಲಿಲ್ಲ. ಕೊಳ್ಳುವುದರಲ್ಲಿ ಅವನಿಗಿಂತ ಹಿಂದೆ ಬಿದ್ದವರೂ ಇರಲಿಲ್ಲ. ಮೂರು ವರ್ಷದಲ್ಲಿ ಮರಳಲ್ಲೂ ಓಡುವ ಫೋರ್ ವೀಲ್ ಡ್ರೈವ್ ಗಾಡಿ ಹದಿನೇಳು ನೋಡಿ, ಹದಿನೇಳಕ್ಕೂ ಕೊಂಕು ತೆಗೆದು, ಮನೆಗೆ ಬಂದು ಚಹಾ ಕುಡಿದಿದ್ದ. ಒಂದರ ಬಾಗಿಲು ಹಾಕಿದರೆ ‘ಟಕ್’ ಅನ್ನುವ ಬದಲು ‘ಟೊಕ್’ ಅಂದಿತಂತೆ. ಇನ್ನೊಂದರ ಮಾಲೀಕನ ಬೂಟು ತೀರಾ ಚೊಕ್ಕಟವಾಗಿತ್ತಂತೆ (ಮರಳಲ್ಲಿ ತಿರುಗುವವನ ಬೂಟು ಹಾಗಿರುತ್ತದೆಯೇ? ಏನೋ ಮುಚ್ಚಿಡುತ್ತಿದ್ದಾನೆ!). ಹೆಣ್ಣು ನೋಡಲು ಹೋಗಿ, ಕೇಸರಿಭಾತು ಮುಗಿಸಿ, “ಆಮೇಲೆ ತಿಳಿಸ್ತೀವಿ” ಎಂದು ಎದ್ದುಬರುವ ಗಂಡಿನ ಕಡೆಯವರ ಪೈಕಿ ನಮ್ಮ ಮರ್ವಿನ್.

ಅವನ ಹೆಂಡತಿ ಗ್ಲೆನಿಸ್‌ಗೆ ಸಾಕಾಗಿ ಹೋಗಿತ್ತು. ಮದುವೆಯಾದ ವರ್ಷವೇ “ನಿನ್ನನ್ನ ಸಿಂಪ್ಸನ್ ಮರುಭೂಮಿ ದಾಟಿಸ್ತೀನಿ” ಅಂತ ಮಾತು ಕೊಟ್ಟ ಮಹಾನುಭಾವ ಅವನು. ಆ ಮಾತಿಗೆ ಈಗ ನಲವತ್ತೊಂದು ವರ್ಷ. ಅವನ ಮಂಡಿಗಳಿಗೆ ಅರವತ್ತಾರು.

“ಈ ಚಳಿಗಾಲಕ್ಕೂ ಹೋಗ್ಲಿಲ್ಲಾಂದ್ರೆ ಇನ್ನು ಹೋದ ಹಾಗೇ,” ಎಂದಳು ಗ್ಲೆನಿಸ್ ಒಂದು ದಿನ. “ಮರ್ರೀ ಊರಾಚೆ ಥೆಲ್ಮಾ ಅಂತ ಒಬ್ಬರು ಅಜ್ಜಿ ಇದ್ದಾರೆ. ಮೂವತ್ತು ವರ್ಷ ಮರಳಲ್ಲಿ ಟಪಾಲು ಹಂಚಿದ ಗಾಡಿ ಮಾರ್ತಾರಂತೆ. ನಾಳೆ ಹೋಗೋದು.”

“ನಮ್ಮ ಕಾರು ಆ ದಾರೀಲಿ ಹೋಗಲ್ವಲ್ಲೇ.”

“ಕುರಿ ಲಾರಿಯವನಿಗೆ ಹೇಳಿದ್ದೀನಿ. ನಮ್ಮನ್ನ ಅಲ್ಲಿ ಇಳಿಸಿ ಅವನು ಮುಂದೆ ಹೋಗ್ತಾನೆ.”

“ವಾಪಸ್ ಬರೋದು?”

“ಕೊಂಡ ಗಾಡೀಲಿ. ಬೇಡ ಅಂದ್ಯೋ, ನಡ್ಕೊಂಡು. ಮುನ್ನೂರೆಂಬತ್ತು ಕಿಲೋಮೀಟರು. ಟೋಪಿ ಮರೀಬೇಡ.”

ಲಾರಿ ಇವರನ್ನು ಇಳಿಸಿ ಧೂಳೆಬ್ಬಿಸಿಕೊಂಡು ಹೋದಾಗ ನಡುಮಧ್ಯಾಹ್ನ. ಅಲ್ಲಿ ಫೆಬ್ರವರಿ ಎಂದರೆ ಕಡುಬೇಸಿಗೆ; ಆ ಬಿಸಿಲಿಗೆ ನೊಣಗಳೂ ನೆರಳು ಹುಡುಕುತ್ತಿದ್ದವು. ಥೆಲ್ಮಾ ಜಗಲಿಯಲ್ಲಿ ಕೂತಿದ್ದಳು. ಎಂಬತ್ತೊಂದು ವರ್ಷ, ಕಡ್ಡಿಯಂಥ ಮೈ, ಸತ್ತ ಗಂಡನ ಟೋಪಿ. ಅಂಗಳದಲ್ಲಿ ನಿಂತಿತ್ತು ಗಾಡಿ.

ಎಂಥ ಗಾಡಿ ಅಂತೀರಿ! ಒಂದು ಕಾಲಕ್ಕೆ ಕೆನೆಬಣ್ಣವಿದ್ದಿರಬೇಕು. ಈಗ ಕೆಂಪುಮಣ್ಣು ಬಣ್ಣದೊಳಕ್ಕೇ ಇಳಿದು, ಎಲ್ಲಿ ನೆಲ ಮುಗಿದು ಎಲ್ಲಿ ಗಾಡಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಮುಂದಿನ ಕಬ್ಬಿಣದ ಗಾರ್ಡಿನಲ್ಲಿ ಕಾಂಗರೂ ಗುದ್ದಿದ ತಗ್ಗು. ಒಳಗೆ ಡೀಸೆಲ್ಲು, ನಾಯಿ, ಕಿತ್ತಳೆ ಸಿಪ್ಪೆ ಮೂರೂ ಸೇರಿದ ವಾಸನೆ. ದೇವರ ಮುಂದೆ ನಿಂತವನ ಹಾಗೆ ಮರ್ವಿನ್ ಟೋಪಿ ತೆಗೆದುಬಿಟ್ಟ. ನೆತ್ತಿ ಚುರ್ರೆಂದಾಗ ತಕ್ಷಣ ಹಾಕಿಕೊಂಡ.

ಆದರೂ ಪರೀಕ್ಷಕ ಪರೀಕ್ಷಕನೇ. ಚೀಲದಿಂದ ಟಾರ್ಚು, ಕೋಲಿಗೆ ಕಟ್ಟಿದ ಕನ್ನಡಿ, ಅರವತ್ತನಾಲ್ಕು ಪ್ರಶ್ನೆಗಳ ನೋಟ್‌ಬುಕ್ಕು ಹೊರಬಂದವು. ಮೊದಲ ಪ್ರಶ್ನೆ: ಎಂಜಿನ್ ತಣ್ಣಗಿದೆಯೇ? (ಮೋಸಗಾರರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರುತ್ತಾರೆ, ಕೆಮ್ಮು ಕೇಳಿಸದಿರಲಿ ಅಂತ.) ಬಾನೆಟ್ ಮೇಲೆ ಅಂಗೈ ಇಟ್ಟವನೇ ಹಾವು ಮುಟ್ಟಿದಂತೆ ಕೈ ಎಳೆದುಕೊಂಡ.

“ಆಹಾ! ಬಿಸಿ! ನಾವು ಬರೋ ಮುಂಚೆ ಓಡಿಸಿದ್ದೀರಿ ಅಜ್ಜಿ. ನನ್ನ ಹತ್ರ ಇದು ನಡೆಯಲ್ಲ.”

ಥೆಲ್ಮಾ ಅವನನ್ನು ಕರುಣೆಯಿಂದ ನೋಡಿದಳು. “ಆ ನೀರಿನ ತೊಟ್ಟಿ ಮುಟ್ಟು.”

ಮುಟ್ಟಿದ. ಸುಟ್ಟಿತು.

“ಅಲ್ಲಿ ಗುದ್ದಲಿ ಇದೆ ನೋಡು, ಅದನ್ನೂ ಮುಟ್ಟು. ಎಲ್ಲಾದನ್ನೂ ಬೆಳಗ್ಗೆಯಿಂದ ಓಡಿಸ್ತಾನೇ ಇದ್ದೀನಿ ಕಣಯ್ಯಾ.”

ಗ್ಲೆನಿಸ್ ಸೆರಗಿಲ್ಲದ ಕಾರಣ ಟೋಪಿಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಮರ್ವಿನ್ ಮರ್ಯಾದೆ ಉಳಿಸಿಕೊಳ್ಳಲು ಗಾಡಿಯ ಅಡಿಗೆ ತೆವಳಿದ. ತುಕ್ಕು ಹುಡುಕಿದ, ಸಿಗಲಿಲ್ಲ. ಸೋರಿಕೆ ಹುಡುಕಿದ, ಇಲ್ಲ. ಚಾಸಿಗೆ ಬೆಸುಗೆ ಹಾಕಿದ್ದಾರೆಯೇ ಎಂದು ಇಂಚಿಂಚು ತಡವಿದ; ಮೂವತ್ತು ವರ್ಷ ಮರಳುದಿಬ್ಬ ಹತ್ತಿ ಇಳಿದ ಕಬ್ಬಿಣ ನಿನ್ನೆ ಹುಟ್ಟಿದಂತಿತ್ತು. ಪ್ರವಾಹದಲ್ಲಿ ಮೂರು ದಿನ ಈ ಗಾಡಿಯ ತಲೆಯ ಮೇಲೆ ನಾಯಿಯನ್ನೂ ಟಪಾಲು ಚೀಲವನ್ನೂ ಅಪ್ಪಿಕೊಂಡು ತಾನು ಕೂತಿದ್ದನ್ನು ಥೆಲ್ಮಾ ಮೇಲಿನಿಂದ ಗ್ಲೆನಿಸ್‌ಗೆ ಹೇಳುತ್ತಿದ್ದಳು. ಮರ್ವಿನ್‌ಗೆ ಕೆಳಗೆ ಮಲಗಿದ್ದಲ್ಲೇ ಕಣ್ಣು ತುಂಬಿ ಬಂತು. (ಧೂಳು ಬಿದ್ದಿದ್ದು ಎಂದು ಆಮೇಲೆ ಹೇಳಿದ.)

ಹೊರಬಂದು ಮೈ ಕೊಡವಿ ಘೋಷಿಸಿದ: “ಅಜ್ಜಿ, ಈ ವಾಹನವನ್ನು ನಾನು ಸ್ವೀಕರಿಸಿದ್ದೇನೆ.”

“ನಾನು ನಿನ್ನನ್ನ ಸ್ವೀಕರಿಸ್ಬೇಡ್ವಾ?” ಎಂದಳು ಥೆಲ್ಮಾ. “ಸಿಕ್ಕಿದವರಿಗೆಲ್ಲ ಕೊಡೋಕೆ ಇದೇನು ಬೆಕ್ಕಿನ ಮರೀನಾ? ಈಗಾಗ್ಲೇ ಐದು ಜನರನ್ನ ವಾಪಸ್ ಕಳ್ಸಿದ್ದೀನಿ. ಮುಂದಿನ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕು, ನೋಡೋಣ.”

ಮರ್ವಿನ್‌ಗೆ ಜೀವಮಾನದಲ್ಲಿ ಮೊದಲ ಸಲ ಗಾಡಿ ಬೇಕೇ ಬೇಕು ಅನ್ನಿಸಿದೆ, ಹಾಳಾದ್ದು ಈಗಲೇ ಪರೀಕ್ಷೆ! ಜಾಕ್ ಇಟ್ಟು, ಏದುಸಿರು ಬಿಡುತ್ತ ಗಾಡಿ ಎತ್ತಿದ. ಸ್ಪ್ಯಾನರ್ ಹಾಕಿ ನಟ್ ತಿರುಗಿಸಿದ. ನಟ್ಟಿನ ಜೊತೆಗೆ ಇಡೀ ಚಕ್ರವೂ ಗಾಳಿಯಲ್ಲಿ ಗಿರ್ರನೆ ತಿರುಗಿತು. ಮತ್ತೆ ತಿರುಗಿಸಿದ, ಮತ್ತೆ ತಿರುಗಿತು.

“ಚರಕದಲ್ಲಿ ನೂಲ್ತಿದ್ದೀಯೇನಯ್ಯಾ?” ಎಂದಳು ಥೆಲ್ಮಾ.

“ಸರಿ ಈಚೆಗೆ, ಮರ್ವ್,” ಎಂದು ಗ್ಲೆನಿಸ್ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಜಾಕ್ ಇಳಿಸಿ, ಚಕ್ರ ನೆಲಕ್ಕೂರಿದ ಮೇಲೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಒಂದೊಂದೇ ನಟ್ ಸಡಿಲಿಸಿ, ಆಮೇಲೆ ಎತ್ತಿ, ಬಿಚ್ಚಿ, ಸ್ಟೆಪ್ನಿಯನ್ನು ಮೊಣಕಾಲಿನಿಂದ ನೂಕಿ ಕೂರಿಸಿದಳು. ಹಾಡು ಬೇರೆ ಗುನುಗುತ್ತಿದ್ದಳು.

ಮರ್ವಿನ್ ಬೆಪ್ಪಾಗಿ ನಿಂತಿದ್ದ. “ಇದೆಲ್ಲ ಯಾವಾಗ ಕಲಿತೆ?”

“ಹನ್ನೆರಡು ವರ್ಷಕ್ಕೆ, ನಮ್ಮಪ್ಪನ ಕುರಿ ದೊಡ್ಡೀಲಿ.”

“ನಲವತ್ತೊಂದು ವರ್ಷದಲ್ಲಿ ಒಂದು ಮಾತು ಹೇಳ್ಲಿಲ್ಲ!”

“ನೀನು ಕೇಳ್ಬೇಕಲ್ಲ. ಅರವತ್ನಾಲ್ಕು ಪ್ರಶ್ನೆ ಗಾಡಿಗೇ ಖರ್ಚಾಗಿ ಹೋಯ್ತು.”

ಮರ್ವಿನ್ ಆ ಗ್ರೀಸು ಮೆತ್ತಿದ ಕೈಗಳನ್ನು ನೋಡಿದ. ಇಷ್ಟು ವರ್ಷ ಜೊತೆಯಲ್ಲಿ ಬದುಕಿದ ಈ ಹೆಂಗಸು ಯಾರು ಅನ್ನಿಸಿತು, ಹೆಮ್ಮೆಯೂ ಆಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಥೆಲ್ಮಾ ಬೀಗದ ಕೈಯನ್ನು ಗ್ಲೆನಿಸ್ ಕೈಗೇ ಹಾಕಿದಳು. ಕಾಗದದ ಮೇಲೂ ಅವಳ ಹೆಸರನ್ನೇ ಬರೆಸಿದಳು. “ಸ್ಟಿಯರಿಂಗು ನಿಂದು ಕಣಮ್ಮಾ. ಇವನು ಎಡಗಡೆ ಕೂರ್ಲಿ.”

“ಹಾಗಾದ್ರೆ ನನ್ನ ಕೆಲಸ?” ಮರ್ವಿನ್ ಗೋಗರೆದ.

“ಗೇಟು. ಎಡಗಡೆ ಕೂತವರು ಇಳಿದು ಗೇಟು ತೆಗೀಬೇಕು, ಗಾಡಿ ದಾಟಿದ ಮೇಲೆ ಹಾಕ್ಬೇಕು. ದನ ಆಚೆ ಹೋದ್ರೆ ಗೇಟಿನವನೇ ಹೊಣೆ. ಅಷ್ಟಾದ್ರೂ ಆಗುತ್ತೋ?”

ಆಗದೇನು! ಗೇಟು ತೆಗೆಯಲು ಬಾರದ ಗಂಡಸು ಈ ದೇಶದಲ್ಲಿ ಹುಟ್ಟಿಲ್ಲ. ಮರ್ವಿನ್ ದಾಪುಗಾಲು ಹಾಕಿ ಅಂಗಳದ ಗೇಟಿನ ಸರಪಳಿ ಬಿಚ್ಚಿ, ಪೂರಾ ತೆರೆದು, ಬದಿಗೆ ನಿಂತ. ಗ್ಲೆನಿಸ್ ಕೀ ತಿರುಗಿಸಿದಳು. ಒಂದು ಕೆಮ್ಮಿಲ್ಲ, ಒಂದು ನಡುಕವಿಲ್ಲ. ನೆಲದೊಳಗಿಂದ ಗುಡುಗು ಎದ್ದಂತೆ ಎಂಜಿನ್ ಎದ್ದಿತು. ಕೆಂಪುಗಾಡಿ ನಿಧಾನವಾಗಿ ಅವನ ಮುಂದೆ ಹಾದುಹೋಯಿತು. ಅದರೊಳಗೆ ಒಂದು ಮೊಣಕೈ ಕಿಟಕಿಗಿಟ್ಟು ಗ್ಲೆನಿಸ್, ಹಿಂದೆ ಆಕಾಶದವರೆಗೂ ಬಯಲು. ಇಂಥದ್ದನ್ನು ಮರ್ವಿನ್ ಈ ಜನ್ಮದಲ್ಲಿ ನೋಡಿರಲಿಲ್ಲ.

ಅದೇ ಗುಂಗಿನಲ್ಲಿ ಗೇಟು ಹಾಕಿದ. ಸರಪಳಿ ಸುತ್ತಿ, ಕೊಂಡಿ ಸಿಕ್ಕಿಸಿ, ಎರಡು ಸಲ ಅಲ್ಲಾಡಿಸಿ ನೋಡಿದ. ಭದ್ರ! ಇನ್ನು ಒಂದು ಹಸುವೂ ಆಚೆ ಹೋಗಲಾರದು. ಕೈ ಕೊಡವಿಕೊಂಡು ತಲೆಯೆತ್ತಿದ. ಗಾಡಿ ಗೇಟಿನ ಆಚೆ ನಿಂತು ಕಾಯುತ್ತಿತ್ತು. ಅವನು ಮಾತ್ರ ಈಚೆ, ಥೆಲ್ಮಾಳ ಎರಡು ಹಸುಗಳ ಜೊತೆ ನಿಂತಿದ್ದ.

ಜಗಲಿಯಿಂದ ಥೆಲ್ಮಾ ಕೂಗಿದಳು: “ಏ ಗ್ಲೆನಿಸ್! ಗಾಡಿ ತಗೊಂಡು ಹಳೇದನ್ನ ನನಗೆ ಬಿಟ್ಟು ಹೋಗ್ತೀಯೇನೇ? ಎಕ್ಸ್‌ಚೇಂಜ್ ಮಾತಾಗಿರ್ಲಿಲ್ಲ ಕಣಮ್ಮಾ!”